ಶಬ್ದ ಕೈಕೊಟ್ಟಾಗ ಏನು ಮಾಡಬೇಕು? ಇಂಗ್ಲಿಷ್ ಮಾತಿನ ಉಪಾಯ ಕಲಿಸುವ ನಾಲ್ಕು ದಾರಿಗಳ ಹೋಲಿಕೆ

ಧಾರವಾಡದ ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಕೋಚಿಂಗ್ ಬೋರ್ಡುಗಳ ನಡುವೆ ಸ್ಪೋಕನ್ ಇಂಗ್ಲಿಷಿನ ಬೋರ್ಡು ಕಣ್ಣಿಗೆ ಬಿದ್ದೇ ಬೀಳುತ್ತದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಹಾಗೇ. ಗದಗ, ಹಾವೇರಿಯಲ್ಲೂ ಈಗ ಕ್ಲಾಸುಗಳಿಗೆ ಕೊರತೆ ಇಲ್ಲ. ಇಷ್ಟೆಲ್ಲ ಇದ್ದರೂ, ಬಿ.ಕಾಂ. ಮುಗಿಸಿ ವ್ಯಾಕರಣದ ಪ್ರಶ್ನೆಗೆಲ್ಲ ಸರಿಯಾಗಿ ಟಿಕ್ ಹಾಕುವ ಹುಡುಗ ಇಂಟರ್‌ವ್ಯೂನಲ್ಲಿ ಒಂದೇ ಒಂದು ಶಬ್ದ ನೆನಪಾಗದಿದ್ದರೆ ಅಲ್ಲಿಗೇ ಬಾಯಿ ಮುಚ್ಚಿ ಕೂತುಬಿಡುತ್ತಾನೆ. ಅವನಿಗೆ ಇಂಗ್ಲಿಷ್ ಸಾಕಷ್ಟು ಬರುತ್ತದೆ. ಶಬ್ದ ಕೈಕೊಟ್ಟಾಗ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ನಾನು ಧಾರವಾಡದಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಈ ಬರಹ ಮುಖ್ಯವಾಗಿ ನನ್ನಂಥ ಮಾಸ್ತರುಗಳಿಗೆ, ಅಕ್ಕೋರುಗಳಿಗೆ. ಮಕ್ಕಳನ್ನು ಯಾವ ಕ್ಲಾಸಿಗೆ ಹಾಕಬೇಕು ಅಂತ ಯೋಚಿಸುತ್ತಿರುವ ತಂದೆ-ತಾಯಿಗೂ ಉಪಯೋಗ ಆಗಬಹುದು.

ಮೊದಲು ಉಪಾಯ ಅಂದರೆ ಯಾವುದು ಅಂತ ನೋಡೋಣ. ಶಬ್ದ ಸಿಗದಾಗ ಆ ವಸ್ತು ಹೇಗಿದೆ, ಯಾವುದಕ್ಕೆ ಬರುತ್ತದೆ ಅಂತ ವಿವರಿಸುವುದು. ಅದಕ್ಕೆ ಹತ್ತಿರದ ಇನ್ನೊಂದು ಶಬ್ದ ಹಾಕುವುದು. ಎದುರಿನವರು ಹೇಳಿದ್ದು ತಿಳಿಯದಿದ್ದರೆ ಮತ್ತೆ ಕೇಳುವುದು. ತಿಳಿದದ್ದು ಸರಿಯೋ ತಪ್ಪೋ ಅಂತ ಅವರ ಬಾಯಿಂದಲೇ ಖಾತ್ರಿ ಮಾಡಿಕೊಳ್ಳುವುದು. ಯೋಚನೆ ಮಾಡಲು ಎರಡು ಕ್ಷಣ ದಕ್ಕಿಸಿಕೊಳ್ಳುವುದು. ಸುಮ್ಮನಾಗುವುದು, ವಿಷಯ ಬದಲಿಸುವುದು, ಕನ್ನಡಕ್ಕೆ ಹೊರಳುವುದು, ಇವೂ ಇದೇ ಸಾಲಿಗೆ ಸೇರುತ್ತವೆ. ಕಲಿಸುವವರು ಇದಕ್ಕೆ ಕಮ್ಯುನಿಕೇಶನ್ ಸ್ಟ್ರಾಟಜಿ ಅನ್ನುತ್ತಾರೆ. 1972ರಲ್ಲಿ ಭಾಷಾ ಸಂಶೋಧಕ ಲ್ಯಾರಿ ಸೆಲಿಂಕರ್ ಈ ಹೆಸರು ಬಳಸಿದರು. 1980ರಲ್ಲಿ ಮೈಕೆಲ್ ಕನಾಲೆ ಮತ್ತು ಮೆರಿಲ್ ಸ್ವೇನ್ ಅನ್ನುವವರು ಭಾಷೆ ಬರುತ್ತದೆ ಅಂದರೆ ವ್ಯಾಕರಣ ಬಂದರೆ ಸಾಲದು, ಎಲ್ಲಿ ಹೇಗೆ ಮಾತಾಡಬೇಕು ಅಂತ ಗೊತ್ತಿರಬೇಕು, ಮಾತು ಎಡವಿದಾಗ ಎತ್ತಿಕೊಂಡು ಮುಂದೆ ಹೋಗಲೂ ಬರಬೇಕು ಅಂತ ಹೇಳಿದ ಮೇಲೆ ಈ ಉಪಾಯಗಳಿಗೆ ಪಾಠದಲ್ಲಿ ಒಂದು ಜಾಗ ಸಿಕ್ಕಿತು.

ಕಲಿಸಲು ನನ್ನ ಪ್ರಕಾರ ನಾಲ್ಕು ದಾರಿಗಳಿವೆ. ಒಂದೊಂದಾಗಿ ನೋಡೋಣ.

ದಾರಿ ಒಂದು: ವಾಕ್ಯ ಬಾಯಿಪಾಠ

ನಮ್ಮ ಕಡೆ ಹೆಚ್ಚು ಕ್ಲಾಸುಗಳು ಮಾಡುವುದು ಇದನ್ನೇ. ಒಂದು ಝೆರಾಕ್ಸ್ ಹಾಳೆ ಕೊಡುತ್ತಾರೆ. ಅದರಲ್ಲಿ "ಕುಡ್ ಯು ಪ್ಲೀಸ್ ರಿಪೀಟ್ ದಟ್?", "ಐ ಬೆಗ್ ಯುವರ್ ಪಾರ್ಡನ್", "ಲೆಟ್ ಮಿ ಥಿಂಕ್ ಫಾರ್ ಎ ಮೊಮೆಂಟ್" ಅಂತ ಸಾಲಾಗಿ ಬರೆದಿರುತ್ತದೆ. ಎಲ್ಲರೂ ಜೋರಾಗಿ ಹೇಳುತ್ತಾರೆ, ಮನೆಗೆ ಹೋಗಿ ಬಾಯಿಪಾಠ ಮಾಡುತ್ತಾರೆ, ಮರುದಿನ ಒಪ್ಪಿಸುತ್ತಾರೆ.

ಇದರಲ್ಲಿ ಒಳ್ಳೆಯದಿಲ್ಲ ಅಂತ ನಾನು ಹೇಳುವುದಿಲ್ಲ. ಒಂದೇ ಕೋಣೆಯಲ್ಲಿ 60 ಮಕ್ಕಳು ಕೂತಿದ್ದರೆ ಬೇರೆ ಏನು ಮಾಡಲೂ ಕಷ್ಟ. ಖರ್ಚಿಲ್ಲ, ತಯಾರಿ ಜಾಸ್ತಿ ಬೇಕಿಲ್ಲ, ಬಾಯಿಗೆ ಇಂಗ್ಲಿಷ್ ಹತ್ತುತ್ತದೆ. ತೊಡಕು ಬರುವುದು ಆಮೇಲೆ. ವಾಕ್ಯ ಬಾಯಿಗೆ ಬಂದಿರುತ್ತದೆ, ಯಾವಾಗ ಹೇಳಬೇಕು ಅಂತ ತಿಳಿದಿರುವುದಿಲ್ಲ. ಫೋನಿನಲ್ಲಿ ಆಚೆಯವರು ಉದ್ದಕ್ಕೆ ಏನೋ ಹೇಳುತ್ತಾರೆ, ನಮ್ಮ ಹುಡುಗಿ "ಕುಡ್ ಯು ಪ್ಲೀಸ್ ರಿಪೀಟ್ ದಟ್" ಅನ್ನುತ್ತಾಳೆ, ಅವರು ಅದನ್ನೇ ಅಷ್ಟೇ ವೇಗದಲ್ಲಿ ಮತ್ತೆ ಹೇಳುತ್ತಾರೆ, ಈಗ ಇವಳ ಹತ್ತಿರ ಎರಡನೇ ವಾಕ್ಯ ಇಲ್ಲ. "ಓಕೆ ಸರ್, ಥ್ಯಾಂಕ್ಯೂ ಸರ್" ಅಂತ ಫೋನ್ ಇಡುತ್ತಾಳೆ. ಏನೂ ತಿಳಿದಿಲ್ಲ!

ಅವಳಿಗೆ ಬೇಕಾಗಿದ್ದದ್ದು, ತಿಳಿದಷ್ಟನ್ನು ಹಿಡಿದುಕೊಂಡು ತಿಳಿಯದಷ್ಟನ್ನು ಮಾತ್ರ ಕೇಳುವ ರೂಢಿ. "ಯು ಸೆಡ್ ಟ್ಯೂಸ್‌ಡೇ. ವಾಟ್ ಟೈಮ್?" ಅಷ್ಟೇ. ಇಂಥದ್ದನ್ನು ಬಾಯಿಪಾಠದಿಂದ ಕಲಿಸಲು ಬರುವುದಿಲ್ಲ, ಏಕೆಂದರೆ ಪ್ರತಿ ಸಲ ವಾಕ್ಯ ಬದಲಾಗುತ್ತದೆ. ಹಾಗಾಗಿ ಬಾಯಿಪಾಠವನ್ನು ಆರಂಭಕ್ಕೆ ಇಟ್ಟುಕೊಳ್ಳಿ. ಐದಾರು ಚಿಕ್ಕ ವಾಕ್ಯ ಸಾಕು. "ಸಾರಿ?", "ಒನ್ಸ್ ಮೋರ್, ಪ್ಲೀಸ್", "ಯು ಮೀನ್…?" ಇಷ್ಟರಲ್ಲೇ ಎಷ್ಟೋ ಕೆಲಸ ನಡೆಯುತ್ತದೆ. "ಐ ಬೆಗ್ ಯುವರ್ ಪಾರ್ಡನ್" ಹಾಳೆಯಲ್ಲೇ ಇರಲಿ.

ದಾರಿ ಎರಡು: ಉಪಾಯ ಬೇಡ, ಭಾಷೆ ಕಲಿಸಿ

ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. 1990ರ ಹೊತ್ತಿಗೆ ಎಲೆನ್ ಬಿಯಾಲಿಸ್ಟಾಕ್, ಎರಿಕ್ ಕೆಲರ್ಮನ್ ಅವರಂಥ ದೊಡ್ಡ ಸಂಶೋಧಕರೇ ಇದನ್ನು ವಾದಿಸಿದರು. ಅವರ ವಾದ ಹೀಗೆ: ಶಬ್ದ ಸಿಗದಾಗ ಸುತ್ತುಬಳಸಿ ಹೇಳುವುದು ಎಲ್ಲರಿಗೂ ತಮ್ಮ ತಾಯ್ನುಡಿಯಲ್ಲೇ ಬರುತ್ತದೆ, ಅದನ್ನು ಮತ್ತೆ ಕಲಿಸಲು ಕ್ಲಾಸಿನ ಹೊತ್ತು ಯಾಕೆ ಹಾಳು ಮಾಡಬೇಕು, ಆ ಹೊತ್ತಿನಲ್ಲಿ ಶಬ್ದ ಕಲಿಸಿ, ವಾಕ್ಯ ಕಲಿಸಿ, ಉಪಾಯ ತಾನಾಗಿ ಬರುತ್ತದೆ.

ಅರ್ಧ ಮಾತು ನಾನು ಒಪ್ಪುತ್ತೇನೆ. ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಹೋಗಿ ನಿಂತು ನೋಡಿ. ವಸ್ತುವಿನ ಹೆಸರು ಮರೆತ ಹೆಣ್ಣುಮಗಳು "ಅದ ರೀ ಅಣ್ಣಾರ, ಉಪ್ಪಿನಕಾಯಿ ಹಾಕಿ ಇಡ್ತಾರಲ್ರೀ, ಮ್ಯಾಲ ಮುಚ್ಚಳ ಇರ್ತದ, ಬಿಳೇದು, ಕೆಳಗ ಬಿದ್ರ ಒಡೀತದ" ಅಂತ ಅಂಗಡಿಯವನಿಂದ ಭರಣಿ ತೆಗೆಸಿಕೊಂಡು ಹೋಗುತ್ತಾಳೆ. ಯಾವ ಪುಸ್ತಕದಲ್ಲಿ ಬರೆದದ್ದಕ್ಕಿಂತಲೂ ಚೊಕ್ಕವಾದ ವಿವರಣೆ ಅದು. ಎಲ್ಲಿ ಬಳಸುತ್ತಾರೆ, ಹೇಗಿರುತ್ತದೆ, ಯಾವುದರಿಂದ ಮಾಡಿದ್ದು, ಎಲ್ಲ ಬಂತು.

ಆದರೆ ಅದೇ ಹೆಣ್ಣುಮಗಳು ಇಂಗ್ಲಿಷ್ ಕ್ಲಾಸಿಗೆ ಬಂದು ಕೂತರೆ ಈ ಜಾಣತನ ಹೊರಗೆ ಬರುವುದೇ ಇಲ್ಲ. ಯಾಕೆ? ಇಂಗ್ಲಿಷ್ ನಮ್ಮವರಿಗೆ ಮೊದಲಿಂದಲೂ ಪರೀಕ್ಷೆಯ ವಿಷಯ. ಒಂದು ಪ್ರಶ್ನೆಗೆ ಒಂದೇ ಸರಿಯುತ್ತರ. ಆ ಶಬ್ದ ಗೊತ್ತಿಲ್ಲ ಅಂದರೆ ಉತ್ತರ ಗೊತ್ತಿಲ್ಲ, ಉತ್ತರ ಗೊತ್ತಿಲ್ಲ ಅಂದರೆ ಸುಮ್ಮನಿರಬೇಕು. ವರ್ಷಗಟ್ಟಲೆ ಹೀಗೇ ಕೂತವರಿಗೆ ಉಪಾಯ ತಾನಾಗಿ ಬರುತ್ತದೆ ಅಂತ ಕಾಯುವುದರಲ್ಲಿ ಅರ್ಥ ಇಲ್ಲ. ಕನ್ನಡದಲ್ಲಿ ನೀವು ಮಾಡುವುದನ್ನೇ ಇಲ್ಲೂ ಮಾಡಬಹುದು, ಅದು ತಪ್ಪಲ್ಲ, ಮೋಸವೂ ಅಲ್ಲ ಅಂತ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಈ ಎರಡನೇ ದಾರಿ ಸರಿ ಹೊಂದುವುದು ಚಿಕ್ಕ ಮಕ್ಕಳಿಗೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗಿದೆ. ಆದರೂ ನಾಲ್ಕು, ಐದನೇ ತರಗತಿಯ ಮಗುವಿನ ಹತ್ತಿರ ವಿವರಿಸಲು ಬೇಕಾದ ಶಬ್ದಗಳೇ ಇರುವುದಿಲ್ಲ. ರೌಂಡ್, ಸ್ಮಾಲ್, ಲಾಂಗ್, ಕಿಚನ್, ಯೂಸ್ ಇವು ಬಾಯಿಗೆ ಬರದೆ ಯಾವ ಉಪಾಯವೂ ನಡೆಯುವುದಿಲ್ಲ. ಅಲ್ಲಿ ಹಾಡು, ಕತೆ, ಆಟ, ಶಬ್ದ, ಇಷ್ಟೇ ಸಾಕು.

ದಾರಿ ಮೂರು: ಒಂದೊಂದೇ ಉಪಾಯವನ್ನು ಬಿಡಿಸಿ ಹೇಳಿ, ಮಾಡಿಸುವುದು

ನನ್ನ ಒಲವು ಈ ಕಡೆಗೇ. ಅದಕ್ಕೆ ಕಾರಣವನ್ನೂ ಹೇಳುತ್ತೇನೆ.

ಹಂಗೇರಿಯ ಸಂಶೋಧಕ ಜೋಲ್ತಾನ್ ಡೋರ್ನೆಯಿ ಇದನ್ನು ಅಲ್ಲಿನ ಹೈಸ್ಕೂಲ್ ಮಕ್ಕಳ ಮೇಲೆ ಪ್ರಯೋಗ ಮಾಡಿ 1995ರಲ್ಲಿ ಬರೆದರು. ಆರು ವಾರ, ಮೂರೇ ಉಪಾಯ: ಗೊತ್ತಿಲ್ಲದ ವಿಷಯದಿಂದ ಗೊತ್ತಿರುವ ವಿಷಯಕ್ಕೆ ಮಾತು ತಿರುಗಿಸುವುದು, ಶಬ್ದ ಬಾರದಾಗ ವಿವರಿಸುವುದು, ಯೋಚನೆಗೆ ಹೊತ್ತು ಪಡೆಯಲು ನಡುವೆ ಹಾಕುವ "ವೆಲ್", "ಆಕ್ಚುವಲಿ" ಥರದ ತುಂಬುಪದಗಳು. ಮಕ್ಕಳು ಕೊಡುವ ವಿವರಣೆಯ ಗುಣಮಟ್ಟ ಹೆಚ್ಚಿತು, ತುಂಬುಪದಗಳ ಬಳಕೆ ಹೆಚ್ಚಿತು. ಮಕ್ಕಳಿಗೆ ಮೊದಲೇ ಇಂಗ್ಲಿಷ್ ಎಷ್ಟು ಬರುತ್ತಿತ್ತು ಅನ್ನುವುದಕ್ಕೂ ಈ ಸುಧಾರಣೆಗೂ ಸಂಬಂಧ ಕಾಣಲಿಲ್ಲ. ಈ ಕೊನೆಯ ಮಾತು ನನಗೆ ಮುಖ್ಯ ಅನಿಸಿದ್ದು. ಒಂದೇ ಬ್ಯಾಚಿನಲ್ಲಿ ಕುಂದಗೋಳದ ಹಳ್ಳಿಯ ಹುಡುಗಿಯೂ ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂ ಹುಡುಗನೂ ಕೂತಿರುವ ನಮ್ಮಂಥ ಕಡೆ, ಇಬ್ಬರಿಗೂ ಒಟ್ಟಿಗೆ ಕಲಿಸಬಹುದಾದದ್ದು ತೀರಾ ಕಡಿಮೆ. ಅದರಲ್ಲಿ ಇದೂ ಒಂದು.

ಹೇಗೆ ಮಾಡಿಸಬೇಕು? ನಾನು ಮಾಡಿಸುವ ಒಂದು ಪಾಠವನ್ನು ಬಿಡಿಸಿ ಹೇಳುತ್ತೇನೆ. ಒಂದು ಚೀಲದಲ್ಲಿ ಅಡುಗೆಮನೆಯ ಸಾಮಾನು ಇಟ್ಟಿರುತ್ತೇನೆ. ಜರಡಿ, ಲಟ್ಟಣಿಗೆ, ಸೌಟು, ಇಕ್ಕಳ, ಭರಣಿಯ ಮುಚ್ಚಳ. ಒಬ್ಬರು ಚೀಲದೊಳಗೆ ನೋಡಿ ಒಂದು ಆರಿಸುತ್ತಾರೆ, ಹೊರಗೆ ತೆಗೆಯುವ ಹಾಗಿಲ್ಲ. ಉಳಿದವರು ಅದು ಯಾವುದು ಅಂತ ಕಂಡುಹಿಡಿಯಬೇಕು. ಬೋರ್ಡಿನ ಮೇಲೆ ಮೂರೇ ಅರ್ಧ ವಾಕ್ಯ: "ಇಟ್ಸ್ ಎ ಕೈಂಡ್ ಆಫ್…", "ಇಟ್ಸ್ ಲೈಕ್ ಎ… ಬಟ್…", "ಯು ಯೂಸ್ ಇಟ್ ಟು…".

ಮೊದಲು ಆರಿಸಿದವರು "ಸರ್, ಹೋಲ್ಸ್… ಹೋಲ್ಸ್…" ಅಂತ ನಿಲ್ಲುತ್ತಾರೆ. ಕಾಯಬೇಕು. ಇಲ್ಲಿ ಮಾಸ್ತರು ಬಾಯಿ ಹಾಕಿದರೆ ಪಾಠ ಮುಗಿಯಿತು. ಕೂತವರಲ್ಲಿ ಯಾರೋ "ಬಿಗ್ ಹೋಲ್ಸ್, ಸ್ಮಾಲ್ ಹೋಲ್ಸ್?" ಅಂತ ಕೇಳುತ್ತಾರೆ. "ಸ್ಮಾಲ್. ಮೆನಿ ಸ್ಮಾಲ್ ಹೋಲ್ಸ್. ಇಟ್ಸ್ ಲೈಕ್ ಎ ಪ್ಲೇಟ್ ಬಟ್… ಯು ಯೂಸ್ ಇಟ್ ಟು ಕ್ಲೀನ್ ಜೋಳದ ಹಿಟ್ಟು." ಜೋಳದ ಹಿಟ್ಟು ಅಂತ ಕನ್ನಡದಲ್ಲೇ ಬಂತಲ್ಲ, ಬರಲಿ. ಎಲ್ಲರೂ ಒಟ್ಟಿಗೆ "ಜರಡಿ!" ಅನ್ನುತ್ತಾರೆ. ಆಮೇಲೆ ಮಾತ್ರ ನಾನು "ಸೀವ್" ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ಶಬ್ದ ಆ ದಿನ ಅವರ ತಲೆಯಲ್ಲಿ ಕೂರುತ್ತದೆ, ಏಕೆಂದರೆ ಅಷ್ಟೊತ್ತು ಅದಕ್ಕಾಗಿಯೇ ಹುಡುಕಾಡಿರುತ್ತಾರೆ. ಉಪಾಯ ಕಲಿಸಿದರೆ ಶಬ್ದ ಕಲಿಯುವುದಿಲ್ಲ ಅನ್ನುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಆಟ ಮುಗಿದ ಮೇಲೆ ಐದು ನಿಮಿಷ ಕನ್ನಡದಲ್ಲೇ ಮಾತಾಡಿ. ಈಗ ನೀವು ಏನು ಮಾಡಿದಿರಿ? ಹೆಸರು ಗೊತ್ತಿಲ್ಲದೆ ಕೆಲಸ ಹೇಗೆ ಆಯಿತು? ಇದನ್ನು ಬಿಟ್ಟರೆ ಅದು ಬರೀ ಆಟವಾಗಿ ಉಳಿಯುತ್ತದೆ. ಹೆಸರಿಟ್ಟು, ಇದು ಉಪಾಯ, ಇದನ್ನು ಹೊರಗೂ ಬಳಸಬೇಕು ಅಂತ ಹೇಳಿದಾಗಲೇ ಅದು ಅವರ ಕೈಗೆ ಬರುತ್ತದೆ.

ದೊಡ್ಡವರಿಗೆ ಚೀಲದ ಬದಲು ಅವರ ಕೆಲಸದ ಸಾಮಾನು ತೆಗೆದುಕೊಳ್ಳಿ. ಬ್ಯಾಡಗಿ ಮಾರುಕಟ್ಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೆ ಹೊರರಾಜ್ಯದ ಖರೀದಿದಾರರ ಜೊತೆ ಫೋನಿನಲ್ಲಿ ಇಂಗ್ಲಿಷ್ ಬೇಕಾಗಿತ್ತು ಅಂದುಕೊಳ್ಳಿ. ತೊಟ್ಟು ತೆಗೆದ ಮೆಣಸಿನಕಾಯಿ ಅನ್ನುವುದಕ್ಕೆ ಶಬ್ದ ಬಾರದು. "ದ ಸ್ಮಾಲ್ ಗ್ರೀನ್ ಪಾರ್ಟ್ ಆನ್ ಟಾಪ್, ವಿ ರಿಮೂವ್ ಇಟ್" ಅಂದರೆ ವ್ಯಾಪಾರ ನಡೆಯಿತು. ಬ್ಯಾಡಗಿಯಲ್ಲೇ ಡಬ್ಬಿ ಮತ್ತು ಕಡ್ಡಿ ಅನ್ನುವ ತಳಿಗಳು ಬೇರೆ ಬೇರೆ ಅಂತ ಹೇಳಬೇಕು, ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಹೇಳಬೇಕು. 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮೇಲೆ ಕೊಡುವ ಸರ್ಕಾರಿ ಗುರುತು) ಸಿಕ್ಕ ಮಾಲು ಅದು, ವಿವರಿಸಲು ಬೇಕಾದಷ್ಟಿದೆ. ಇಂಥವರಿಗೆ "ಮೈ ನೇಮ್ ಈಸ್, ಮೈ ಹಾಬಿ ಈಸ್" ಮಾಡಿಸುತ್ತಾ ಕೂರುವುದು ಅವರ ದುಡ್ಡಿಗೂ ಹೊತ್ತಿಗೂ ಮಾಡುವ ಅನ್ಯಾಯ.

ಈ ದಾರಿಯ ಕೊರತೆ ಒಂದಿದೆ. ಕ್ಲಾಸಿನಲ್ಲಿ ಚೆನ್ನಾಗಿ ಮಾಡಿದವರು ಹೊರಗೆ ನಿಜವಾದ ಮಾತುಕತೆಯಲ್ಲಿ ಸಿಕ್ಕಿಕೊಂಡಾಗ ಅದನ್ನು ನೆನಪಿಸಿಕೊಳ್ಳುವುದಿಲ್ಲ. ಆಟದಲ್ಲಿ ಈಗ ವಿವರಿಸಬೇಕು ಅಂತ ಮೊದಲೇ ಗೊತ್ತಿರುತ್ತದೆ, ಹೊರಗೆ ಗೊತ್ತಿರುವುದಿಲ್ಲ. ಅದಕ್ಕೆ ನಾಲ್ಕನೇ ದಾರಿ.

ದಾರಿ ನಾಲ್ಕು: ಕೆಲಸ ಕೊಟ್ಟು ಮಾತಾಡಿಸಿ, ರೆಕಾರ್ಡ್ ಮಾಡಿ, ತಿರುಗಿ ಕೇಳುವುದು

ಇಬ್ಬರನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ. ಒಬ್ಬರ ಕೈಯಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯ ಒಂದು ಹಾಳೆ: ಹುಬ್ಬಳ್ಳಿ ರೈಲ್ವೆ ಸ್ಟೇಶನ್, ಉಣಕಲ್ ಕೆರೆ, ನವನಗರ, ಸತ್ತೂರು, ಧಾರವಾಡದ ಜುಬಿಲಿ ಸರ್ಕಲ್. ಇನ್ನೊಬ್ಬರ ಹಾಳೆಯಲ್ಲಿ ಕೆಲವು ನಿಲ್ದಾಣ ಖಾಲಿ, ಇನ್ನು ಕೆಲವು ಬೇಕೆಂದೇ ಹಿಂದುಮುಂದು. ಇಂಗ್ಲಿಷಿನಲ್ಲೇ ಮಾತಾಡಿ ಎರಡೂ ಹಾಳೆ ಒಂದೇ ಮಾಡಬೇಕು. ಮಧ್ಯದಲ್ಲಿ ಫೋನಿನ ರೆಕಾರ್ಡರ್ ಓಡುತ್ತಿರುತ್ತದೆ. ಮುಗಿದ ಮೇಲೆ ಇಬ್ಬರೂ ತಮ್ಮ ಮಾತು ತಾವೇ ಕೇಳುತ್ತಾರೆ. ಎಲ್ಲಿ ಮಾತು ನಿಂತಿತು, ಅಲ್ಲಿ ಏನು ಮಾಡಿದೆವು, ಬೇರೆ ಏನು ಮಾಡಬಹುದಿತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮುಂದಿನ ವಾರ ಅದೇ ತರಹದ ಬೇರೆ ಕೆಲಸ.

ಜಪಾನಿನ ಸಂಶೋಧಕ ಯಾಸುವೋ ನಕಾತಾನಿ ಇದಕ್ಕೆ ಹತ್ತಿರದ ಪ್ರಯೋಗವನ್ನು ಕಾಲೇಜು ಹುಡುಗಿಯರ ಜೊತೆ ಮಾಡಿ 2005ರಲ್ಲಿ ಬರೆದರು. 12 ವಾರದ ಕೋರ್ಸು. ಉಪಾಯಗಳ ಬಗ್ಗೆ ತಿಳಿಸಿ, ತಮ್ಮ ಮಾತನ್ನು ತಾವೇ ಗಮನಿಸಿ ಯೋಚಿಸಲು ಹಚ್ಚಿದ ಗುಂಪು ಮಾತಿನ ಪರೀಕ್ಷೆಯಲ್ಲಿ ಸುಧಾರಿಸಿತು. ಸುಮ್ನೆ ಸಂಭಾಷಣೆಯ ಅಭ್ಯಾಸ ಮಾಡಿದ ಗುಂಪಿನಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. "ಮಾತಾಡ್ತಾ ಮಾತಾಡ್ತಾ ಬರ್ತದ" ಅಂತ ನಾವೆಲ್ಲ ಹೇಳುತ್ತೇವಲ್ಲ, ಅದರ ಮುಂದೆ ಇದನ್ನಿಟ್ಟು ನೋಡಿ.

ನಾಲ್ಕರಲ್ಲಿ ಆಳಕ್ಕೆ ಇಳಿಯುವುದು ಇದೇ ದಾರಿ. ಆದರೆ ಇದು ಎಲ್ಲರಿಗೂ ಆಗಿಬರುವುದಿಲ್ಲ. ತನ್ನ ದನಿ ತಾನೇ ಕೇಳಿ ಮುಖ ಮುಚ್ಚಿಕೊಳ್ಳುವವರಿದ್ದಾರೆ. ಅಂಥವರಿಗೆ ಒತ್ತಾಯ ಬೇಡ, ಜೊತೆಗಾರರು ಬರೆದುಕೊಳ್ಳಲಿ. ಬ್ಯಾಚು 20ಕ್ಕಿಂತ ದೊಡ್ಡದಾದರೆ ಕೋಣೆಯ ಗದ್ದಲದಲ್ಲಿ ರೆಕಾರ್ಡಿಂಗ್ ಕೇಳುವುದೇ ಇಲ್ಲ. ಹೊಸಬರಿಗಂತೂ ಮೂರನೇ ದಾರಿ ದಾಟದೆ ಇದನ್ನು ಕೊಟ್ಟರೆ ಮೊದಲ ನಿಮಿಷಕ್ಕೇ ಇಬ್ಬರೂ ಕನ್ನಡದಲ್ಲಿ ಮಾತಾಡಿ ಹಾಳೆ ತುಂಬಿಸಿಬಿಡುತ್ತಾರೆ.

ಯಾವ ಉಪಾಯ ಮೊದಲು?

ದಾರಿ ಆರಿಸಿದ್ದಾಯಿತು. ಇನ್ನು ಏನು ಮೊದಲು ಕಲಿಸಬೇಕು ಅನ್ನುವುದು. ಹೆಚ್ಚಿನ ಕಡೆ ವಿವರಿಸುವುದರಿಂದ ಅಥವಾ "ವೆಲ್", "ಆಕ್ಚುವಲಿ" ಇಂಥ ತುಂಬುಪದಗಳಿಂದ ಶುರು ಮಾಡುತ್ತಾರೆ. ನಮ್ಮ ಕಡೆಯವರಿಗೆ ತಿರುಗಿ ಕೇಳುವುದನ್ನೇ ಮೊದಲು ಕಲಿಸಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ನಮ್ಮ ಮನೆಗಳಲ್ಲಿ ಹಿರಿಯರು ಒಮ್ಮೆ ಹೇಳಿದ್ದನ್ನು ಮತ್ತೆ ಕೇಳಿದರೆ "ಕಿವಿ ಎಲ್ಲಿ ಇಟ್ಟಿದ್ದಿ?" ಅನ್ನುತ್ತಾರೆ. ಶಾಲೆಯಲ್ಲೂ ತಿಳಿಯಿತಾ ಅಂತ ಕೇಳಿದರೆ ಇಡೀ ಕ್ಲಾಸು "ಹೂಂ ರೀ ಸರ" ಅನ್ನುತ್ತದೆ, ತಿಳಿಯದವರೂ ಅನ್ನುತ್ತಾರೆ. ಇಂಟರ್‌ವ್ಯೂ ಮಾಡುವವರು, ಆಫೀಸರು, ಡಾಕ್ಟರು ಇವರೆಲ್ಲ ದೊಡ್ಡವರು. ಅವರನ್ನು ಮತ್ತೆ ಕೇಳುವುದು ಉದ್ಧಟತನ ಅನ್ನುವ ಭಾವನೆ ಒಳಗೆ ಬೇರೂರಿದೆ. ಹಾಗಾಗಿ ತಲೆ ಅಲ್ಲಾಡಿಸುತ್ತಾರೆ, ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಇಂಟರ್‌ವ್ಯೂನಲ್ಲಿ ಜನ ಸೋಲುವುದು ಬಹಳ ಸಲ ಇಲ್ಲೇ. ಮಾತಾಡಲು ಬಾರದೆ ಸೋಲುವುದಕ್ಕಿಂತ, ಪ್ರಶ್ನೆ ತಿಳಿಯದೆ, ತಿಳಿಯಲಿಲ್ಲ ಅಂತ ಹೇಳಲೂ ಆಗದೆ ಸೋಲುತ್ತಾರೆ.

ಇದಕ್ಕೆ ವಾಕ್ಯ ಕೊಟ್ಟರೆ ಸಾಲದು, ಪರವಾನಗಿ ಕೊಡಬೇಕು. ನಾನು ಬೇಕೆಂದೇ ಗೊಣಗುವ ದನಿಯಲ್ಲಿ, ಇಲ್ಲವೇ ತೀರಾ ವೇಗವಾಗಿ ಏನಾದರೂ ಮಾಡಲು ಹೇಳುತ್ತೇನೆ. ತಿರುಗಿ ಕೇಳದೆ ಮಾಡಲು ಹೋದವರು ಆಟದಿಂದ ಹೊರಗೆ. ಕೇಳಿದವರಿಗೆ ಅಂಕ. ಆರಂಭದಲ್ಲಿ ಯಾರೂ ಕೇಳುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಬ್ಬರು ಶುರು ಮಾಡಿದ ಮೇಲೆ ನಿಲ್ಲಿಸುವುದೇ ಕಷ್ಟ. "ಸಾರಿ?" ಇಂದ ಶುರುವಾಗಿ "ವಿಚ್ ಪೇಜ್?", "ಡು ಯು ಮೀನ್ ದ ಬ್ಲೂ ಒನ್?" ಅಂತ ಸಾಗುತ್ತದೆ. ಕೊನೆಯದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅದರಲ್ಲಿ ಕೇಳುಗ ತಾನು ಎಷ್ಟು ಹಿಡಿದಿದ್ದೇನೆ ಅಂತ ತೋರಿಸುತ್ತಾನೆ. ಎದುರಿನವರಿಗೂ ಅದರಿಂದ ಬೇಸರವಾಗುವುದಿಲ್ಲ.

ಎರಡನೆಯದಾಗಿ ವಿವರಿಸುವುದು. ಅದರ ಬಗ್ಗೆ ಮೇಲೆ ಬೇಕಾದಷ್ಟು ಬರೆದಿದ್ದೇನೆ. ಮೂರನೆಯದು ಹೊತ್ತು ದಕ್ಕಿಸಿಕೊಳ್ಳುವುದು. ಇದಕ್ಕೆ ಎರಡು ಮೂರು ತುಂಬುಪದ ಸಾಕು, ಜಾಸ್ತಿ ಕೊಟ್ಟರೆ ಪ್ರತಿ ವಾಕ್ಯಕ್ಕೂ "ಆಕ್ಚುವಲಿ" ಹಚ್ಚಿ ಕೇಳುವವರ ತಲೆ ತಿನ್ನುತ್ತಾರೆ. ಪ್ರಶ್ನೆಯ ತುಣುಕನ್ನೇ ನಿಧಾನಕ್ಕೆ ತಿರುಗಿ ಹೇಳುವುದು ಇನ್ನೂ ಒಳ್ಳೆಯ ರೂಢಿ.

ಕನ್ನಡ ಬೆರೆಸುವುದರ ಬಗ್ಗೆ ಮಾಸ್ತರುಗಳಲ್ಲಿ ಜಗಳವೇ ಇದೆ. ಕ್ಲಾಸಿನಲ್ಲಿ ಕನ್ನಡ ಆಡಿದರೆ ದಂಡ ಹಾಕುವವರೂ ಇದ್ದಾರೆ. ಅದು ತಪ್ಪು. ದಂಡದ ಹೆದರಿಕೆಗೆ ಮಕ್ಕಳು ಇಂಗ್ಲಿಷ್ ಆಡುವುದಿಲ್ಲ, ಸುಮ್ಮನಾಗುತ್ತಾರೆ. ವಾಕ್ಯ ಇಂಗ್ಲಿಷಿನದಾಗಿ ನಡುವೆ ಒಂದು ಕನ್ನಡ ಶಬ್ದ ಬಂದರೆ ಮಾತು ಮುಂದುವರಿಯಿತು, ಅಷ್ಟೇ ಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಅದು ನಡೆಯುತ್ತದೆ, ಪುಣೆಯ ಕಾಲ್ ಸೆಂಟರಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಕಲಿಯುವವರು ಯಾರ ಜೊತೆ ಮಾತಾಡಬೇಕಾಗಿದೆ ಅಂತ ನೋಡಿ ನಿಧಾನಕ್ಕೆ ಕಡಿಮೆ ಮಾಡಿಸಿ. ವಿಷಯ ತಪ್ಪಿಸುವುದು, ಸುಮ್ಮನಾಗುವುದು ಇವನ್ನು ಕಲಿಸಬೇಕಾಗಿಲ್ಲ, ಅವು ನಮ್ಮವರಿಗೆ ಚೆನ್ನಾಗಿ ಬರುತ್ತವೆ. ಡೋರ್ನೆಯಿ ವಿಷಯ ತಿರುಗಿಸುವುದನ್ನೂ ಕಲಿಸಿದರು, ಆದರೆ ನಮ್ಮ ಮಕ್ಕಳಿಗೆ ಅದನ್ನು ಕೊನೆಗೆ ಇಡುವುದೇ ಸರಿ.

ನಿಮ್ಮ ಮುಂದೆ ಯಾರು ಕೂತಿದ್ದಾರೆ?

ಎಂಟು, ಒಂಬತ್ತನೇ ತರಗತಿಯ ಮಕ್ಕಳಾದರೆ ಮೂರನೇ ದಾರಿ, ಪಠ್ಯದ ಪಾಠದ ಕೊನೆಗೆ ಹತ್ತು ಹದಿನೈದು ನಿಮಿಷ. ಪ್ರತ್ಯೇಕ ಪೀರಿಯಡ್ ಬೇಕಿಲ್ಲ. ಹತ್ತನೇ ತರಗತಿಯಲ್ಲಿ ಎಸ್ಸೆಸ್ಸೆಲ್ಸಿ ಒತ್ತಡ ಇರುತ್ತದೆ, ಯಾರೂ ಬಿಡುವುದಿಲ್ಲ, ಅದಕ್ಕೇ ಹಿಂದಿನ ವರ್ಷಗಳಲ್ಲೇ ಮುಗಿಸಿ.

ಡಿಗ್ರಿ ಕೊನೆಯ ವರ್ಷದವರಿಗೆ ಮೂರು ಮತ್ತು ನಾಲ್ಕು ಸೇರಿಸಿ. ಅವರ ಹತ್ತಿರ ಶಬ್ದ ಸಾಕಷ್ಟು ಇರುತ್ತದೆ, ಧೈರ್ಯ ಇರುವುದಿಲ್ಲ. ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಕೊಡುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯುವವರಿದ್ದರೆ ಅವರಿಗೆ ಇದನ್ನು ಹೇಳಿ: 11ರಿಂದ 14 ನಿಮಿಷದ ಆ ಮಾತಿನ ಪರೀಕ್ಷೆಯಲ್ಲಿ ಶಬ್ದ ಬಳಕೆಗೆ ಅಂಕ ಹಾಕುವಾಗ, ಗೊತ್ತಿಲ್ಲದ್ದನ್ನು ಬೇರೆ ಮಾತಿನಲ್ಲಿ ಹೇಳುವ ಶಕ್ತಿಯನ್ನೂ ನೋಡುತ್ತಾರೆ. ಅಂದರೆ ಸುತ್ತುಬಳಸಿ ಹೇಳುವುದು ಅಲ್ಲಿ ಕೊರತೆ ಅಲ್ಲ, ಅಂಕ ತರುವ ಗುಣ.

ಲಕ್ಕುಂಡಿಯಂಥ ಕಡೆ ಹೊರಗಿನವರಿಗೆ ಗುಡಿ ತೋರಿಸುವ ಕೆಲಸಕ್ಕೆ ಇಳಿಯಬೇಕು ಅನ್ನುವ ಹುಡುಗರು ಸಿಕ್ಕರೆ ಸ್ವಲ್ಪ ಬೇರೆ ತರಹ. ಅವರು ಹೇಳಬೇಕಾದದ್ದು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಒಂದನೇ ದಾರಿಯ ಬಾಯಿಪಾಠ ಅವರಿಗೆ ನಿಜಕ್ಕೂ ಉಪಯೋಗ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆ, ಮುಸುಕಿನ ಬಾವಿಯ ಮೆಟ್ಟಿಲು ಇವಕ್ಕೆಲ್ಲ ತಯಾರಾದ ವಾಕ್ಯ ಬೇಕೇ ಬೇಕು. ಅವರು ತಡವರಿಸುವುದು ಪ್ರವಾಸಿ ನಡುವೆ ಪ್ರಶ್ನೆ ಕೇಳಿದಾಗ. ಅಲ್ಲಿ ತಿರುಗಿ ಕೇಳುವ ಉಪಾಯ ಬೇಕು. ಬಾವಿಯ ಚಿತ್ರ ಮುಂದಿಟ್ಟು, ಒಬ್ಬರನ್ನು ಪ್ರವಾಸಿ ಮಾಡಿ, ನಡುನಡುವೆ ತಡೆದು ಪ್ರಶ್ನೆ ಕೇಳಿಸಿ.

ತಂದೆ-ತಾಯಿಗಳೇ, ಅಥವಾ ನೀವೇ ಕಲಿಯಲು ಹೊರಟಿದ್ದರೆ, ಡೆಮೊ ಕ್ಲಾಸಿಗೆ ಹೋದಾಗ ಮಾಸ್ತರ ಇಂಗ್ಲಿಷ್ ಎಷ್ಟು ಚೆಂದ ಇದೆ ಅಂತ ನೋಡುತ್ತಾ ಕೂರಬೇಡಿ. ಮಕ್ಕಳು ಎಷ್ಟು ಹೊತ್ತು ಮಾತಾಡಿದರು ಅಂತ ನೋಡಿ. ಯಾರೋ ಒಬ್ಬರು ಶಬ್ದ ಸಿಗದೆ ನಿಂತಾಗ ಏನಾಯಿತು ಅಂತ ಗಮನಿಸಿ. ಮಾಸ್ತರು ಕೂಡಲೇ ಶಬ್ದ ಎತ್ತಿ ಕೊಟ್ಟರಾ, ಮುಂದಿನವರಿಗೆ ಹೋದರಾ, ಅಥವಾ ಕಾದು "ಹೆಂಗ ಐತಿ ಅಂತ ಹೇಳು" ಅಂದರಾ? ಮೂರನೆಯದನ್ನು ಮಾಡುವವರ ಹತ್ತಿರ ಸೇರಿಸಿ, ಫೀಸು ಸ್ವಲ್ಪ ಜಾಸ್ತಿ ಇದ್ದರೂ ಚಿಂತೆ ಇಲ್ಲ.

ಇನ್ನೊಂದು ವಿಷಯ, ಇದು ಮಾಸ್ತರುಗಳಿಗೆ. ಕೆಲವು ತಿಂಗಳ ಮೇಲೆ ಒಂದಿಬ್ಬರು ಉಪಾಯದಲ್ಲೇ ಪಳಗಿಬಿಡುತ್ತಾರೆ. ಪಟಪಟ ಮಾತಾಡುತ್ತಾರೆ, ಎಲ್ಲಿಯೂ ನಿಲ್ಲುವುದಿಲ್ಲ, ಆದರೆ ಎಲ್ಲದಕ್ಕೂ "ದಟ್ ಥಿಂಗ್", "ಸಮ್‌ಥಿಂಗ್ ಲೈಕ್ ದಟ್" ಅನ್ನುತ್ತಾರೆ, ಕ್ರಿಯಾಪದ ಸರಿ ಮಾಡಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಕೆಲಸ ಹೇಗೂ ನಡೆಯುತ್ತದೆ ಅಂತ ಅವರ ಕಲಿಕೆ ಅಲ್ಲೇ ನಿಂತಿರುತ್ತದೆ. ಬಿಯಾಲಿಸ್ಟಾಕ್, ಕೆಲರ್ಮನ್ ಹೇಳಿದ್ದು ಇಂಥವರ ವಿಷಯದಲ್ಲಿ ಪೂರ್ತಿ ನಿಜ. ಅವರಿಗೆ ಚೀಲದ ಆಟ ನಿಲ್ಲಿಸಿ. ಅವರದೇ ರೆಕಾರ್ಡಿಂಗ್ ಕೇಳಿಸಿ, "ದಟ್ ಥಿಂಗ್" ಬಂದ ಕಡೆಯೆಲ್ಲ ಪೆನ್ಸಿಲ್ ಗೆರೆ ಹಾಕಿಸಿ, ಡಿಕ್ಷನರಿ ಕೈಗೆ ಕೊಟ್ಟು ಸರಿಯಾದ ಶಬ್ದ ಹುಡುಕಿಸಿ, ಅದೇ ಮಾತನ್ನು ಆ ಶಬ್ದ ಹಾಕಿ ಇನ್ನೊಮ್ಮೆ ಆಡಿಸಿ.